ಸೋಮಪ್ಪನ ಗದ್ದಕ್ಕೆ ಕಟ್ಟಿದ ಪಟ್ಟಿ

ಸೋಮಪ್ಪನ ಬಾಯಲ್ಲಿ ಮೂವತ್ತೆರಡು ಹಲ್ಲುಗಳಿದ್ದವು. ಇದು ಬಾಯಿಮಾತಲ್ಲ, ಎಣಿಸಿ ನೋಡಬಹುದಾದ ಸಂಗತಿ. ಎಣಿಸಲು ಆತ ಯಾರಿಗೂ ಅಡ್ಡಿ ಮಾಡುತ್ತಿರಲಿಲ್ಲ. ಬೇಡವೆಂದವರನ್ನೂ ನಿಲ್ಲಿಸಿ ಬಾಯಿ ತೆರೆಯುತ್ತಿದ್ದ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಟ್ಟಿಗೆಯನ್ನು ಚೂರು ಮಾಡುವ ಯಂತ್ರದ ಪಕ್ಕದಲ್ಲೇ ಉದ್ಯೋಗವೆಲ್ಲ ಕಳೆದಿತ್ತು. ಅದರಿಂದಲೋ ಏನೋ, ಅಗಿಯುವ ವಿಷಯದಲ್ಲಿ ಯಂತ್ರದ ಜೊತೆ ಪೈಪೋಟಿಗೆ ಬಿದ್ದವನಂತೆ ಇರುತ್ತಿದ್ದ. ಇಡೀ ಅಡಿಕೆಯನ್ನು ಬಾಯಿಗೆ ಹಾಕಿ ಕಟಕ್ಕೆನಿಸುತ್ತಿದ್ದ. ಕಬ್ಬು ಸುಲಿಯಲು ಕುಡುಗೋಲು ಹುಡುಕುವವರನ್ನು ಕನಿಕರದಿಂದ ನೋಡುತ್ತಿದ್ದ. ನಿವೃತ್ತಿ ಹತ್ತಿರ ಬಂದಿತ್ತು. ಜೊತೆಗಾರರ ಬಾಯಿ ಕಿಟಕಿ, ಬಾಗಿಲು ಬಿದ್ದ ಹಾಳು ಮನೆಯಂತಾಗಿದ್ದಾಗ ಸೋಮಪ್ಪನದು ಹೊಸ ಕಟ್ಟಡದ ಹಾಗೆ ನಿಂತಿತ್ತು.

ಇದೇ ಹಲ್ಲಿನಿಂದಾಗಿ ಆತ ಒಡಹುಟ್ಟಿದ ಅಕ್ಕನನ್ನು ಕಳೆದುಕೊಂಡಿದ್ದ.

ಅಕ್ಕ ಸಿದ್ದಕ್ಕನನ್ನು ಮುಂಡಗೋಡಕ್ಕೆ ಕೊಟ್ಟಿತ್ತು. ಗಂಡ ಉಳವಪ್ಪ, ಮೆತ್ತನೆಯ ಮನುಷ್ಯ. ಅವನ ಹಲ್ಲೆಲ್ಲ ಬೇಗ ಬಿದ್ದು, ಹುಬ್ಬಳ್ಳಿಗೆ ಹೋಗಿ ಹೊಸದಾಗಿ ಹಲ್ಲಿನ ಸೆಟ್ ಮಾಡಿಸಿಕೊಂಡು ಬಂದಿದ್ದ. ಅವನ ಮಗಳ ಕುಬಸದ, ಅಂದರೆ ಸೀಮಂತದ, ಊಟದಲ್ಲಿ, ಬೀಗರೆಲ್ಲ ಪಂಕ್ತಿಗೆ ಕೂತಾಗ, ಹೋಳಿಗೆಯನ್ನು ಮೆಲ್ಲಗೆ ಮುರಿಯುತ್ತಿದ್ದ ಉಳವಪ್ಪನನ್ನು ನೋಡಿ ಸೋಮಪ್ಪ ಕೇಳಿದ: “ಮಾವಾ, ನಿಮ್ಮ ಹಲ್ಲು ಉಣ್ಣಾಕ ಬಂದಾವೋ, ಬರೇ ಫೋಟೊ ತಗಸಾಕ ಬಂದಾವೋ?” ಹೇಳಿ, ಎಲ್ಲರೆದುರು ಒಂದು ಅಡಿಕೆ ಕಡಿದು ತೋರಿಸಿದ. ಪಂಕ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಳವಪ್ಪ ಸೆಟ್ಟನ್ನು ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎಲೆ ಬಿಟ್ಟು ಎದ್ದ. ಅಂದಿನಿಂದ ಆತ ನಾಲ್ಕು ಜನರ ನಡುವೆ ಉಣ್ಣಲಿಲ್ಲ, ಬಾಯಿ ತೆರೆದು ನಗಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡ.

ಅಂತ್ಯಕ್ರಿಯೆಗೆ ಹೋದ ತಮ್ಮನನ್ನು ಸಿದ್ದಕ್ಕ ಬಾಗಿಲಲ್ಲೇ ತಡೆದಳು. “ನನ್ನ ಗಂಡ ಸಾಯೂತನ ಬಾಯಿ ಮುಚ್ಕೊಂಡ ಇದ್ರು. ಇನ್ನ ನಿನ್ನ ಮಾರಿ ನೋಡಾಂಗಿಲ್ಲ ನಾ. ನೀ ಸತ್ತ ದಿನ ಬರ್ತೇನಿ, ಮಣ್ಣಿಗೆ ಬರ್ತೇನಿ. ಅದಕ್ಕೂ ಮೊದಲ ಬರಾಂಗಿಲ್ಲ.”

ಸಿಟ್ಟಿನಲ್ಲಿ ಹೀಗೆ ಹೇಳುವವರು ಬಹಳ. ಸಿದ್ದಕ್ಕ ಅದನ್ನು ನಡೆಸಿದಳು. ಸೋಮಪ್ಪ ಫೋನ್ ಮಾಡಿದರೆ ಎತ್ತಲಿಲ್ಲ, ಮನೆಗೆ ಹೋದರೆ ಕದ ತೆರೆಯಲಿಲ್ಲ. ಪ್ರತಿ ನಾಗರ ಪಂಚಮಿಗೆ ತವರಿನ ಉಂಡಿ ಕಟ್ಟಿಸಿ ಕಳಿಸಿದರೆ ಡಬ್ಬಿ ಹೋದ ಬಸ್ಸಿನಲ್ಲೇ ತಿರುಗಿ ಬರುತ್ತಿತ್ತು. ವಾಪಸು ಬಂದ ಉಂಡಿಗಳನ್ನು ಸೋಮಪ್ಪ ಒಬ್ಬನೇ ಕೂತು ಅಗಿದು ಮುಗಿಸುತ್ತಿದ್ದ. ಆಗ ಯಾರಿಗೂ ಹಲ್ಲು ತೋರಿಸುತ್ತಿರಲಿಲ್ಲ.

ಹೀಗಿರುವಾಗ, ಒಂದು ರವಿವಾರ, ದಾಂಡೇಲಿಯ ಸಮುದಾಯ ಭವನದಲ್ಲಿ ಉಚಿತ ದಂತ ತಪಾಸಣಾ ಶಿಬಿರ ಏರ್ಪಟ್ಟಿತು. ಬೆಳಿಗ್ಗೆಯೇ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು ಹೊರಟ ಗಂಡನನ್ನು ಶಂಕ್ರವ್ವ ತಡೆದಳು.

“ಏನಾಗೈತಿ ಅಂತ ಹೊಂಟೀರಿ?”

“ಏನೂ ಆಗಿಲ್ಲ. ಅದನ್ನ ಡಾಕ್ಟರ್ ಬಾಯಿಂದ ಕೇಳಬೇಕು.”

ಜೊತೆಗೆ ಪಕ್ಕದ ಮನೆಯ ಜ್ಯೋತಿಬಾ ಹೊರಟ. ಅವನಿಗೆ ನಿಜವಾಗಿಯೂ ಹಲ್ಲು ನೋಯುತ್ತಿತ್ತು. ಹಾಗಾಗಿ ಅವನಲ್ಲಿ ಉತ್ಸಾಹ ಇರಲಿಲ್ಲ.

ಶಿಬಿರದಲ್ಲಿ ಧಾರವಾಡದಿಂದ ಬಂದ ಡಾಕ್ಟರ್ ಮಧುಮತಿ ಟಾರ್ಚ್ ಹಿಡಿದು ಸೋಮಪ್ಪನ ಬಾಯಲ್ಲಿ ಇಣುಕಿದರು, ಹುಬ್ಬೇರಿಸಿದರು. ಕಲಿಯಲು ಬಂದಿದ್ದ ವಿದ್ಯಾರ್ಥಿಗಳನ್ನು ಕರೆದರು. “ಬರ್ರಿ, ನೋಡ್ರಿ. ಈ ವಯಸ್ಸಿನ್ಯಾಗ ಎಲ್ಲಾ ಜಾಗಾದಾಗ ಅದಾವು. ಬುದ್ಧಿಹಲ್ಲು ಸುದ್ಧಾ.”

ಸೋಮಪ್ಪನ ಜೀವನದಲ್ಲಿ ಇಂಥ ಕ್ಷಣ ಹಿಂದೆ ಬಂದಿರಲಿಲ್ಲ. ವಿದ್ಯಾರ್ಥಿಗಳು ನೋಡಿದರು. “ಸಾಕರಿ, ಮುಚ್ಚರಿ,” ಎಂದರು ಡಾಕ್ಟರು. ಸೋಮಪ್ಪ ಮುಚ್ಚಲಿಲ್ಲ. ಸರತಿಯಲ್ಲಿ ನಿಂತವರಿಗೆ ಕಾಣಿಸಿರಲಿಲ್ಲವಲ್ಲ. ಕುರ್ಚಿಯಲ್ಲೇ ಅವರತ್ತ ತಿರುಗಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೊನೆಯ ಸಾಲಿನ ಕೊನೆಯ ಮನುಷ್ಯನಿಗೂ ಬುದ್ಧಿಹಲ್ಲು ಕಾಣುವಷ್ಟು ಅಗಲಿಸಿದ. ಕಿವಿಯ ಮುಂದೆ ಎರಡೂ ಕಡೆ ‘ಟಕ್’ ಎಂದಿತು.

ಆಮೇಲೆ ಆ ಬಾಯಿ ಮುಚ್ಚಲೇ ಇಲ್ಲ.

ಮೊದಲು ಸರತಿಯವರು ಚಪ್ಪಾಳೆ ತಟ್ಟಿದರು. ಜೊಲ್ಲು ಇಳಿದು ಅಂಗಿ ತೋಯತೊಡಗಿದಾಗ ನಿಲ್ಲಿಸಿದರು. “ಆಂ... ಆಂ...” ಎಂದು ಸೋಮಪ್ಪ ಎರಡೂ ಕೈಯಿಂದ ಗದ್ದವನ್ನು ಮೇಲೆತ್ತಲು ನೋಡಿದ. ಗದ್ದ ಜಗ್ಗಲಿಲ್ಲ.

“ಕೈ ಹಚ್ಚಬ್ಯಾಡ್ರಿ!” ಎನ್ನುತ್ತ ಡಾಕ್ಟರ್ ಮಧುಮತಿ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆಯನ್ನು ಎತ್ತಿಕೊಂಡರು. ರೋಗಿ ಎದುರಿಗಿದ್ದಾನೆ, ವಿದ್ಯಾರ್ಥಿಗಳಿದ್ದಾರೆ, ಜನ ನೆರೆದಿದ್ದಾರೆ. ಪಾಠ ಮಾಡದೆ ಬಿಡುವುದು ಯಾವ ಅಧ್ಯಾಪಕರಿಂದಲೂ ಆಗುವುದಿಲ್ಲ. “ಕೆಳಗಿನ ದವಡಿ ಕಿವಿ ಮುಂದ ಇಲ್ಲೊಂದು ತಗ್ಗಿನ್ಯಾಗ ಕುಂತಿರತೈತಿ. ತಗ್ಗಿನ ಮುಂದ ಈ ಸಣ್ಣ ದಿಬ್ಬ. ಬಾಯಿ ಅತಿ ತೆರದ್ರ ದವಡಿ ತುದಿ ದಿಬ್ಬ ದಾಟಿ ಮುಂದ ಹೋಗಿ ನಿಂತಬಿಡತೈತಿ. ನಿಂತ ಮ್ಯಾಲ ಅಗಿಯೂ ಸ್ನಾಯು ಎಲ್ಲಾ ಬಿಗಿ ಹಿಡಕೋತಾವು, ತಿರುಗಿ ಬರಾಕ ಬಿಡೂದಿಲ್ಲ.”

“ಎಷ್ಟ ಅದಾವರೀ ಅವು?” ಎಂದ ಜ್ಯೋತಿಬಾ.

“ಒಂದೊಂದು ಬದಿಗೆ ನಾಕು. ಮೂರು ಮುಚ್ಚಾಕ, ಒಂದು ತೆರಿಯಾಕ. ನಾಕಕ್ಕೂ ಹುಕುಂ ತರೂದು ಒಂದ ನರ.”

ಜ್ಯೋತಿಬಾ ಲೆಕ್ಕ ಹಾಕಿದ. “ಅಂದ್ರ ದೇವರ ಮನಸ್ಸು ಮುಚ್ಚೂ ಕಡೆನ ಜಾಸ್ತಿ ಐತಿ. ಸೋಮಣ್ಣಾ, ಕೇಳಿದಿ?”

ಸೋಮಪ್ಪನ ಉತ್ತರ ಜೊಲ್ಲಿನ ರೂಪದಲ್ಲಿತ್ತು.

ಡಾಕ್ಟರು ಅವನ ದವಡೆಯ ಮೂಲೆಯ ಮೇಲೆ ಬೆರಳಿಟ್ಟರು. “ಇಲ್ಲಿ ನೋಡ್ರಿ. ಹಲ್ಲು ಕಚ್ಚಿದಾಗ ಗಲ್ಲದಾಗ ಗಂಟಿನಂಗ ಉಬ್ಬೂದು ಈ ಸ್ನಾಯು. ಅಡಿಕಿ ಕಡದು ಕಡದು ಇವರದು ಪೈಲ್ವಾನರ ತೋಳ ಆಗೈತಿ. ಅದಕ್ಕ ಬಿಡವಲ್ದು.” ಸ್ನಾಯು ಸಡಿಲಾಗಲೆಂದು ಒಂದು ಇಂಜೆಕ್ಷನ್ ಕೊಡಿಸಿದರು. ಹೆಬ್ಬೆರಳುಗಳಿಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು, ಹಿಂದಿನ ದವಡೆಹಲ್ಲುಗಳ ಮೇಲಿಟ್ಟು, ಕೆಳಗೆ ಅದುಮಿ ಹಿಂದಕ್ಕೆ ನೂಕಿದರು. ‘ಕಟಕ್.’ ಬಾಯಿ ಮುಚ್ಚಿತು. ಎಷ್ಟು ಚೆನ್ನಾಗಿ ಮುಚ್ಚಿತೆಂದರೆ ಒಂದು ಹೆಬ್ಬೆರಳು ಒಳಗೇ ಉಳಿದು, ಡಾಕ್ಟರು ವಿದ್ಯಾರ್ಥಿಗಳ ಎದುರು ಹೇಳಬಾರದ ಒಂದು ಮಾತು ಹೇಳಿದರು.

ನಂತರ ಗದ್ದದ ಕೆಳಗಿನಿಂದ ನೆತ್ತಿಯ ಮೇಲೆ ಬಿಳಿ ಪಟ್ಟಿ ಸುತ್ತಿ ಬಿಗಿದರು. “ಇವತ್ತು ಒಂದು ಮಾತೂ ಆಡಬ್ಯಾಡ್ರಿ. ಒಂದು ತಿಂಗಳು ಬಾಯಿ ದೊಡ್ಡದು ತೆರೀಬ್ಯಾಡ್ರಿ. ಗಂಜಿ ಕುಡೀರಿ. ಆಕಳಿಕೆ ಬಂದ್ರ ಗದ್ದಕ್ಕ ಕೈ ಆನಿಸಿ ಹಿಡೀರಿ. ಸಡಿಲಾದ ಕೀಲು, ಇನ್ನೊಮ್ಮೆ ಜಾರಾಕ ಹೊತ್ತ ಹತ್ತೂದಿಲ್ಲ. ಇಂಜೆಕ್ಷನ್ನಿಗೆ ನಿದ್ದಿ ಬರತೈತಿ. ಒರಗಿ ಕುಂತ ಮಲಗ್ರಿ.”

ಸೋಮಪ್ಪನನ್ನು ಮನೆಗೆ ತಂದು, ಜಗಲಿಯ ಮೇಲೆ ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಬೆವರಿಗೆ ವಿಭೂತಿ ಅಳಿಸಿಹೋಗಿತ್ತು. ಶಂಕ್ರವ್ವ ಗಾಬರಿಯಲ್ಲಿ ಕೈತುಂಬ ತೆಗೆದುಕೊಂಡು ಹೊಸದಾಗಿ ಬಳಿದಳು. ಗಾಳಿ ತಾಗಬಾರದೆಂದು ಶಾಲು ಹೊದಿಸಿದಳು. ಗಂಡ ನಿದ್ದೆಹೋದ ಮೇಲೆ ಗಂಜಿಗೆ ರಾಗಿಹಿಟ್ಟು ತರಲು ಪೇಟೆಗೆ ಹೋದಳು.

ಇಲ್ಲಿ ಒಂದು ಸಂಗತಿ ಸ್ಪಷ್ಟಪಡಿಸಬೇಕು. ಸೋಮಪ್ಪನ ಸಮಾಜದಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಬಾಯಿ ತೆರೆದುಕೊಳ್ಳದಿರಲೆಂದು ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಹಣೆ ತುಂಬ ವಿಭೂತಿ ಬಳಿಯುತ್ತಾರೆ. ಮೇಲೆ ಶಾಲು ಹೊದಿಸುತ್ತಾರೆ.

ಜ್ಯೋತಿಬಾ ಮರಾಠರವನು. ಅವರಲ್ಲಿ ಸತ್ತವರು ಮಲಗುತ್ತಾರೆ. ಕೂತು ನಿದ್ದೆ ಮಾಡುತ್ತಿದ್ದ ಸೋಮಣ್ಣನಲ್ಲಿ ಅವನಿಗೆ ಯಾವ ವಿಶೇಷವೂ ಕಾಣಲಿಲ್ಲ. ಶಿಬಿರದಲ್ಲಿ ಏನಾಯಿತೆಂದು ಕಾರ್ಖಾನೆಯ ಪಾಳಿಯ ಗೆಳೆಯರಿಗೆ ತಿಳಿಸೋಣವೆಂದು ಒಂದು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ. ಬರೆಯಲು ಬೇಜಾರಾಗಿ ಕೆಳಗೆ ಕೈ ಮುಗಿದ ಚಿತ್ರ ಒತ್ತಿದ. ಅವನು ನೀರು ಬರುವ ಹೊತ್ತು ತಿಳಿಸುವಾಗಲೂ ಅದನ್ನೇ ಒತ್ತುವವನು.

ತಕ್ಷಣ ಫೋನ್ ಬಡಿದುಕೊಂಡಿತು. ಕಾರ್ಮಿಕ ಸಂಘದ ಕಾರ್ಯದರ್ಶಿ ಮಹಾಬಳೇಶ್ವರ.

“ಜ್ಯೋತಿಬಾ, ಖರೇನ? ಸೋಮಪ್ಪ?”

ಜ್ಯೋತಿಬಾನ ಹಲ್ಲು ಅದೇ ಶಿಬಿರದಲ್ಲಿ ಕಿತ್ತಿದ್ದರು. ಒಂದು ತಾಸು ಕಚ್ಚಿಕೊಂಡಿರಬೇಕೆಂದು ಬಾಯಲ್ಲಿ ಹತ್ತಿ ಇಟ್ಟಿದ್ದರು. “ಹೂಂ... ಹೂಂ... ಹೂಂಹೂಂ...” ಎಂದ.

“ಅಳಬ್ಯಾಡೋ ತಮ್ಮಾ, ಬಂದೆ,” ಎಂದು ಮಹಾಬಳೇಶ್ವರ ಫೋನ್ ಇಟ್ಟ.

ಹೂವಿನ ಹಾರ ಮೊದಲು ಬಂತು, ಹಿಂದೆ ಮಹಾಬಳೇಶ್ವರ ಬಂದ. ಹಾರವನ್ನು ಸೋಮಪ್ಪನ ಕೊರಳಿಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿ ನಿಂತ. ಅವನು ತಲೆ ತಗ್ಗಿಸಿದ್ದನ್ನು ನೋಡಿ ಹಾದಿಯಲ್ಲಿ ಹೋಗುತ್ತಿದ್ದವರು ನಿಂತು ತಲೆ ತಗ್ಗಿಸಿದರು. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಫೋಟೊ ಬಂದು, ಹಾರ ಬಿದ್ದ ಮೇಲೆ ಉಸಿರು ನೋಡುವುದು ಮನೆಯವರಿಗೆ ಅವಮಾನ ಮಾಡಿದಂತೆ. ಜ್ಯೋತಿಬಾ ಎಲ್ಲರ ನಡುವೆ ಓಡಾಡಿ ಕೈ ಬೀಸಿ “ಹೂಂಹೂಂ” ಎಂದ. ಅವನನ್ನು ಹಿಡಿದು ಕೂರಿಸಿ ನೀರು ಕೊಟ್ಟು, ಎಂಥ ಗೆಳೆತನವೆಂದು ಮಾತಾಡಿಕೊಂಡರು.

ಆಮೇಲೆ ಬಂದವರು ಬಸಲಿಂಗಯ್ಯ. ಇವರು ಸೋಮಪ್ಪನ ಹುಟ್ಟೂರಾದ ಹಳಿಯಾಳದ ಕಡೆಯ ಅಯ್ಯನವರು. ಆ ಊರಿನಿಂದ ದಾಂಡೇಲಿಗೆ ಬಂದು ನೆಲೆಸಿದ ಮನೆಗಳಲ್ಲಿ ಹುಟ್ಟು, ಸಾವು, ಮದುವೆ ಎಲ್ಲ ನಡೆಸಿಕೊಡುವವರು. ಸಾವಿನ ಸುದ್ದಿ ಬಳಗಕ್ಕೆ ಮುಟ್ಟಿಸುವುದೂ ಅವರದೇ ಹೊಣೆ. ಯಾರೋ ಕಳಿಸಿದ ಫೋಟೊ ನೋಡಿದವರೇ ಎಲ್ಲ ಕಡೆ ಫೋನ್ ಮಾಡಿ ಮುಗಿಸಿ, ವಿಭೂತಿಯ ತಟ್ಟೆ ಹಿಡಿದು ಬಂದಿದ್ದರು.

ಇದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ರಾಗಿಹಿಟ್ಟಿನ ಚೀಲ ಹಿಡಿದ ಶಂಕ್ರವ್ವ ಕಾಣಿಸಿಕೊಂಡಳು. ಸೋಮಪ್ಪ ಬದುಕಿದ್ದಾನೆಂದು ಬಾಯಿಬಿಟ್ಟು ಹೇಳಬಲ್ಲ ಜೀವ ಆಗ ಆ ಓಣಿಯಲ್ಲಿ ಆಕೆ ಒಬ್ಬಳೇ. ಮನೆ ಮುಂದೆ ಜನ. ಗಂಡನ ಕೊರಳಲ್ಲಿ ಹಾರ. ತಟ್ಟೆ ಹಿಡಿದ ಅಯ್ಯನವರು. ತಾನು ಹಿಟ್ಟಿಗೆ ಹೋದಾಗ ಗಂಡ ಹೋಗಿಬಿಟ್ಟನೆಂದು ಆಕೆಗೆ ಗಟ್ಟಿಯಾಯಿತು. ಚೀಲವನ್ನು ನೆಲಕ್ಕೆ ಬಿಟ್ಟು, “ಯಪ್ಪಾ, ನನ್ನ ಬಿಟ್ಟು ಹ್ವಾದೀರಲ್ರೀ! ಗಂಜಿ ಕುಡೀಲಾರದ ಹ್ವಾದೀರಲ್ರೀ!” ಎಂದು ಎದೆ ಬಡಿದುಕೊಂಡು ಬಂದಳು. ಅಲ್ಲಿಯವರೆಗೆ ಅನುಮಾನವಿದ್ದ ಒಬ್ಬಿಬ್ಬರಿಗೂ ಈಗ ಖಾತ್ರಿಯಾಯಿತು.

ಬಸಲಿಂಗಯ್ಯ ಒಂದು ಹಿಡಿ ಭಸ್ಮ ತೆಗೆದು ಸೋಮಪ್ಪನ ಹಣೆಗೆ ಬಳಿದರು. ಸ್ವಲ್ಪ ಮೂಗಿನೊಳಗೆ ಹೋಯಿತು. ಮೃತನು ಸೀನಿದ. ಬಾಯಿ ಕಟ್ಟಿದ್ದರಿಂದ ಸೀನಿನ ಪೂರ್ತಿ ಬಲ ಮೂಗಿನಿಂದಲೇ ಹೊರಬಂದು, ತಟ್ಟೆಯ ಅರ್ಧ ಭಸ್ಮ ಅಯ್ಯನವರ ಮುಖ, ಗಡ್ಡವನ್ನೆಲ್ಲ ಬೆಳ್ಳಗೆ ಮಾಡಿತು.

ಸೋಮಪ್ಪ ಕಣ್ಣು ಬಿಟ್ಟ. ಹಾರ ನೋಡಿಕೊಂಡ. ಜನರನ್ನು ನೋಡಿದ.

ಮುಂದಿನ ಗದ್ದಲವನ್ನು ವಿವರಿಸುವುದು ಕಷ್ಟ. ಶಂಕ್ರವ್ವ ಅಳುವನ್ನು ನಡುವೆಯೇ ಬೈಗುಳಕ್ಕೆ ತಿರುಗಿಸಿದಳು. ಜ್ಯೋತಿಬಾ ಹತ್ತಿಯನ್ನು ಉಗಿದು, “ಆಗಿಂದ ಅದನ್ನ ಹೇಳಾಕತ್ತೇನಲ್ಲೋ ದೇವಾ!” ಎಂದು ಕೂಗಿದ. ಎಲ್ಲರಿಗಿಂತ ಹೆಚ್ಚು ನೊಂದವನು ಮಹಾಬಳೇಶ್ವರ.

“ಕಾರ್ಖಾನಿ ಗೇಟಿನ ಮುಂದ ಬೋರ್ಡ್ ಬರಸೇನಲ್ರೀ. ಸಂಜಿ ಪಾಳಿಗೆ ಶೋಕಸಭೆ ಅಂತ. ಭಾಷಣನೂ ತಯಾರಾಗೈತಿ. ಈಗ ಜನಕ್ಕ ಏನಂತ ಹೇಳ್ಲಿ?”

“ಬದುಕ್ಯಾರ ಅಂತ ಹೇಳ್ರಿ,” ಎಂದಳು ಶಂಕ್ರವ್ವ.

“ಅದಕ್ಕ ಸಭೆ ಕರ್ಯಾಕ ಬರೂದಿಲ್ರೀ ಅಕ್ಕಾರ.”

ಬಸಲಿಂಗಯ್ಯ ಮುಖ ಒರೆಸಿಕೊಂಡು ಕಿಸೆಯಿಂದ ಫೋನ್ ತೆಗೆದರು. “ನನ್ನ ಕೈಯಿಂದ ದೊಡ್ಡ ತಪ್ಪಾತು. ಮುಂಡಗೋಡಕ್ಕೂ ಹೇಳಿಬಿಟ್ಟೇನಿ. ಸಿದ್ದಕ್ಕ ಆಗಲೇ ಬಸ್ ಹತ್ತ್ಯಾಳಂತ. ಹಳಿಯಾಳ ಮುಟ್ಟೂದ್ರೊಳಗ ತಿಳಸ್ತೇನಿ, ಅಲ್ಲಿಂದನ ತಿರುಗಿ ಹೋಗ್ಲಿ.”

ಸೋಮಪ್ಪ ಕುರ್ಚಿಯಿಂದ ಜಿಗಿದು ಅಯ್ಯನವರ ಕೈ ಹಿಡಿದ. ಸತ್ತವನ ಕೈಯಲ್ಲಿ ಅಷ್ಟು ಬಲ ಇರುವುದಿಲ್ಲ ಎಂದು ಅವರು ಆಮೇಲೆ ಹೇಳುತ್ತಿದ್ದರು. ಮಾತಾಡಲು ಬಾರದೆ, ತಟ್ಟೆಯಲ್ಲಿ ಉಳಿದ ಭಸ್ಮವನ್ನು ಅಂಗೈಯಿಂದ ಸಪಾಟು ಮಾಡಿ ಬೆರಳಿನಿಂದ ಬರೆದ: “ಅಕ್ಕಗ ಹೇಳಬ್ಯಾಡ್ರಿ. ನಾ ಸತ್ತೇನಿ.”

ಎಲ್ಲರೂ ಬಗ್ಗಿ ಓದಿದರು. ಅಕ್ಕ ತಮ್ಮನೊಂದಿಗೆ ಮಾತು ಬಿಟ್ಟ ಕಥೆ ಅಲ್ಲಿ ತಿಳಿಯದವರು ಇರಲಿಲ್ಲ. ಬದುಕಿದ್ದಾನೆಂದು ಗೊತ್ತಾದರೆ ಸಿದ್ದಕ್ಕ ಹಳಿಯಾಳ ಬಸ್‌ಸ್ಟ್ಯಾಂಡ್ ದಾಟಿ ಈಚೆ ಬರುವವಳಲ್ಲ ಎಂಬುದೂ ಗೊತ್ತಿತ್ತು.

“ಭಸ್ಮದಾಗ ಸುಳ್ಳು ಬರೀಬಾರದಪ್ಪಾ,” ಎಂದರು ಬಸಲಿಂಗಯ್ಯ. ಸೋಮಪ್ಪ ಅವರ ಕಾಲು ಹಿಡಿದ. ಅವರು ಬಹಳ ಹೊತ್ತು ಫೋನ್ ನೋಡಿ, ಅದನ್ನು ಕಿಸೆಗೆ ಹಾಕಿದರು. “ನಾ ಏನೂ ಹೇಳೂದಿಲ್ಲ. ಹಂಗ ಅಂತ, ನೀ ಸತ್ತಿ ಅಂತನೂ ಹೇಳೂದಿಲ್ಲ.”

“ನಾ ಅತ್ತಾತು,” ಎಂದಳು ಶಂಕ್ರವ್ವ. “ಜೀವಂತ ಗಂಡನ ಮುಂದ ಇನ್ನೊಮ್ಮೆ ಅಳಾಕ ನನ್ನಿಂದ ಆಗೂದಿಲ್ಲ. ಒಳಗ ಹೋಗಿ ಗಂಜಿ ಕಾಸ್ತೇನಿ.”

“ನಾ ಇರ್ತೇನ್ರಿ,” ಎಂದ ಮಹಾಬಳೇಶ್ವರ. “ಹೆಂಗೂ ಹಾರ ಹಾಕಾಗೈತಿ.”

ಹೀಗೆ ಸೋಮಪ್ಪ ಮತ್ತೆ ಸತ್ತ. ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಅಕ್ಕನ ದಾರಿ ಕಾಯುತ್ತ ಕೂತ.

ಸಾಯುವುದು ಒಂದು ಗಳಿಗೆಯ ಕೆಲಸ ಎನ್ನುತ್ತಾರೆ. ಸೋಮಪ್ಪನಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು. ಶಾಲಿನೊಳಗೆ ಸೆಕೆ. ಹಾರದ ಸೇವಂತಿಗೆ ಬಾಡಿ ಕೊರಳಿಗೆ ಚುಚ್ಚುತ್ತಿತ್ತು. ಸುತ್ತ ಕೂತವರಿಗೆ ಚಹಾ ಬಂತು. ಸತ್ತವರ ಮನೆ ಮುಂದೆ ಕೂತವರು ಸತ್ತವರ ಬಗ್ಗೆಯೇ ಮಾತಾಡಬೇಕು. ಸತ್ತಿಲ್ಲವೆಂಬುದು ಸ್ವಲ್ಪ ಹೊತ್ತಿಗೆ ಅವರಿಗೂ ಮರೆತುಹೋಯಿತು.

“ಮನಶ್ಯಾ ಛಲೋ ಇದ್ದ,” ಎಂದ ಒಬ್ಬ.

“ಛಲೋನ. ಬಾಯಿ ಒಂದ ಮುಚ್ಚಿದ್ರ.”

“ನನ್ನ ಮಗಳನ್ನ ನೋಡಾಕ ಬಂದವರ ಮುಂದ ಹಲ್ಲು ತೋರಿಸಿ, ನಿಮ್ಮ ಹುಡುಗಂದು ಎರಡು ಸೊಟ್ಟ ಅದಾವು ಅಂದಿದ್ದ.”

“ಆ ಸಂಬಂಧ ಆತೇನು?”

“ಎಲ್ಲಿಂದ ಆಗ್ತೈತಿ.”

ಎಲ್ಲರೂ ಚಹಾ ಹೀರಿದರು. ಸೋಮಪ್ಪನಿಗೆ ಎದ್ದು ಏನಾದರೂ ಹೇಳಬೇಕೆನಿಸಿತು. ಸತ್ತಿದ್ದರಿಂದ ಸುಮ್ಮನಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಆಟೊ ನಿಂತ ಸದ್ದಾಯಿತು. ರೆಪ್ಪೆಯ ಸಂದಿಯಿಂದ ಸೋಮಪ್ಪ ನೋಡಿದ. ಬಿಳಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅಕ್ಕ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಗಲ್ಲ ಒಳಗೆ ಸೇರಿ ತುಟಿಗಳು ಮಡಚಿಕೊಂಡಿದ್ದವು. ಬಾಯಿ ಬೊಚ್ಚಾಗಿತ್ತು, ಒಂದು ಹಲ್ಲೂ ಇರಲಿಲ್ಲ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವಷ್ಟು ಮಾತುಕತೆ ಎಲ್ಲಿತ್ತು?

ಸಿದ್ದಕ್ಕ ಯಾರನ್ನೂ ಮಾತಾಡಿಸಲಿಲ್ಲ. ಚೀಲದಿಂದ ಒಂದು ಮೊಳ ಮಲ್ಲಿಗೆ ತೆಗೆದು ತಮ್ಮನ ಕಾಲ ಮೇಲಿಟ್ಟಳು. ಪಕ್ಕದಲ್ಲಿ ಕೂತು ಅವನ ಮುಖ ನೋಡಿದಳು. ಆಮೇಲೆ ಆ ಬೊಚ್ಚು ಬಾಯಿಂದ ಅಳು ಹೊರಟಿತು.

“ತಮ್ಮಾ, ಬಂದೆನೋ... ಹೇಳಿದಂಗ ಬಂದೆನೋ... ಅವ್ವ ಜ್ವರದಾಗ ಮಲಗಿದಾಗ ನಿನ್ನ ಟೊಂಕದಾಗ ಹೊತ್ತೆನೋ... ನಿನಗ ಹಲ್ಲು ಬರೂಕಿಂತ ಮೊದಲು ಜ್ವಾಳದ ರೊಟ್ಟಿ ಅಗದು ಅಗದು ನಿನ್ನ ಬಾಯಾಗ ಇಟ್ಟೆನೋ... ನನ್ನ ಹಲ್ಲಿಲೆ ಬೆಳದಿ, ನಿನ್ನ ಹಲ್ಲಿಲೆ ನನ್ನ ಮನಿ ಕಡದಿ... ಅಷ್ಟಾದ್ರೂ ನೀ ಇದ್ದಿ ಅನ್ನೂ ಧೈರ್ಯ ಇತ್ತೋ ತಮ್ಮಾ, ಆ ಸಿಟ್ಟರ ಇತ್ತೋ ನನಗ... ಇನ್ನ ಯಾರ ಮ್ಯಾಲ ಸಿಟ್ಟಾಗ್ಲಿ...”

ಜಗಲಿಯ ಮೇಲಿದ್ದ ಯಾರೂ ತಲೆ ಎತ್ತಲಿಲ್ಲ. ಮಹಾಬಳೇಶ್ವರ ಬರೆದು ತಂದಿದ್ದ ಭಾಷಣವನ್ನು ಮಡಚಿ ಇಟ್ಟುಕೊಂಡ. ಒಳಗೆ ಗಂಜಿ ಕಾಸುತ್ತಿದ್ದ ಶಂಕ್ರವ್ವ, ಇನ್ನೊಮ್ಮೆ ಅಳುವುದಿಲ್ಲ ಎಂದಿದ್ದವಳು, ಒಲೆಯ ಮುಂದೆ ಅತ್ತಳು.

ಸಿದ್ದಕ್ಕ ತಮ್ಮನ ಎರಡೂ ಗಲ್ಲಗಳನ್ನು ಅಂಗೈಗಳಲ್ಲಿ ಹಿಡಿದಳು.

ಸೋಮಪ್ಪನಿಗೂ ಅಳು ಬಂತು. ಅಳು ಹೊರಬಿದ್ದರೆ ಎಲ್ಲ ಹಾಳು. ತಡೆಯಲು ಅವನಿಗೆ ಗೊತ್ತಿದ್ದುದು ಒಂದೇ ಉಪಾಯ. ಹಲ್ಲು ಕಚ್ಚಿದ. ಪೈಲ್ವಾನರ ತೋಳಿನಂತಹ ಆ ಸ್ನಾಯುಗಳು ಎರಡೂ ಗಲ್ಲಗಳಲ್ಲಿ, ಅಕ್ಕನ ಅಂಗೈಗಳ ಕೆಳಗೆ, ಗಂಟುಗಂಟಾಗಿ ಉಬ್ಬಿದವು.

ಅಕ್ಕನ ಅಳು ನಿಂತಿತು.

ಸಿದ್ದಕ್ಕ ಕೈ ತೆಗೆಯಲಿಲ್ಲ. ಗಂಟು ಇಳಿಯಿತು. ಮತ್ತೆ ಉಬ್ಬಿತು. ಆ ದವಡೆ ಅಗಿಯಲು ಕಲಿತದ್ದೇ ಅವಳ ತೊಡೆಯ ಮೇಲೆ. ಅದು ಸತ್ತಿದೆಯೋ ಬದುಕಿದೆಯೋ ಎಂದು ಅವಳಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಆಗ ಸೋಮಪ್ಪನ ಮುಚ್ಚಿದ ಕಣ್ಣಿನಿಂದ ನೀರು ವಿಭೂತಿಯಲ್ಲಿ ದಾರಿ ಮಾಡಿಕೊಂಡು ಇಳಿಯಿತು.

ಅವಳು ಎದ್ದಳು. ಚೀಲ ಎತ್ತಿಕೊಂಡಳು. ಅಯ್ಯನವರ ಕಡೆ ಒಮ್ಮೆ ನೋಡಿದಳು. ಬಸಲಿಂಗಯ್ಯ ನೆಲ ನೋಡಿದರು. ಯಾರಿಗೂ ಏನೂ ಹೇಳದೆ ಜಗಲಿ ಇಳಿದು ಆಟೊದ ಕಡೆ ನಡೆದಳು.

“ಅಕ್ಕಾರ, ನಿಂದರ್ರೀ,” ಎಂದ ಜ್ಯೋತಿಬಾ. ನಿಲ್ಲಲಿಲ್ಲ. “ಡಾಕ್ಟರ್ ಕಟ್ಟಿದ್ದರೀ ಆ ಪಟ್ಟಿ,” ಎಂದ. ತಿರುಗಲಿಲ್ಲ.

ಸೋಮಪ್ಪ ಹಾರದ ಸಮೇತ ಎದ್ದು ನಿಂತ. ಮೂರು ಸ್ನಾಯು ಮುಚ್ಚಲು, ಒಂದು ತೆರೆಯಲು ಎಂದಿದ್ದರು ಡಾಕ್ಟರು. ಆ ಒಂದು, ಉಳಿದ ಮೂರನ್ನೂ ಪಟ್ಟಿಯನ್ನೂ ಮೀರಿ ಎಳೆಯಿತು. ಪಟ್ಟಿ ಕಿವಿಯ ಮೇಲಿ‌ನಿಂದ ಜಾರಿತು.

“ಅಕ್ಕಾ—!”

ಟಕ್.

ಕೂಗು ಅರ್ಧದಲ್ಲಿ ಆಕಾರ ಕಳೆದುಕೊಂಡು ‘ಆಂ’ ಎಂದು ಉಳಿಯಿತು. ಸಿದ್ದಕ್ಕ ತಿರುಗಿ ನೋಡಿದಳು. ಕೊರಳಲ್ಲಿ ಹಾರ, ಮುಖವೆಲ್ಲ ಭಸ್ಮ, ಕಣ್ಣಲ್ಲಿ ನೀರು, ತೆರೆದ ಬಾಯಿ, ಮೂವತ್ತೆರಡು ಹಲ್ಲು.

“ಮತ್ತ ಹಲ್ಲ ತೋರಸ್ತಿ?” ಎಂದಳು. ಉಳವಪ್ಪನ ಮಣ್ಣಿನ ದಿನದ ನಂತರ, ಬದುಕಿರುವ ತಮ್ಮನಿಗೆ ಅವಳಾಡಿದ ಮೊದಲ ಮಾತು ಅದು. “ಮುಚ್ಚಲೋ.”

ಸೋಮಪ್ಪ ಮುಚ್ಚಲು ನೋಡಿದ. “ಆಂ... ಆಂ...” ಜೊಲ್ಲು ಸೇವಂತಿಗೆಯ ಮೇಲೆ ಸುರಿಯಿತು.

“ಮುಚ್ಚಾಕ ಬರೂದಿಲ್ರೀ ಅವರಿಗೆ,” ಎಂದಳು ಹೊರಗೆ ಓಡಿ ಬಂದ ಶಂಕ್ರವ್ವ. “ಮುಂಜಾನೆನೂ ಇದ ಆಗಿತ್ತು. ಬಾಯಿ ತೆರದ್ರ ಮತ್ತ ಕಳಚತೈತಿ ಅಂತ ಹೇಳಿದ್ರು. ಗೊತ್ತಿದ್ದೂ ತೆರದಾರ.”

ಸಿದ್ದಕ್ಕ ಹಿಂದಿರುಗಿ ಬಂದು, ಸೆರಗಿನಿಂದ ತಮ್ಮನ ಜೊಲ್ಲು ಒರೆಸಿ, ಗದ್ದದ ಕೆಳಗೆ ಅಂಗೈ ಆನಿಸಿದಳು. “ನಡಿ. ಆ ಡಾಕ್ಟರ್ ಎಲ್ಲಿ ಅದಾರ?”

ಶಿಬಿರದವರು ಸಾಮಾನು ಕಟ್ಟುತ್ತಿದ್ದರು. ಆಟೊದಿಂದ ಹಾರ ಹಾಕಿಕೊಂಡು ಬೂದಿ ಬಳಿದುಕೊಂಡು ಇಳಿದವನನ್ನು ಕಂಡು, ಸರತಿಯಲ್ಲಿ ಉಳಿದಿದ್ದವರಲ್ಲಿ ಬಹುತೇಕರು ತಮ್ಮ ಹಲ್ಲುನೋವು ವಾಸಿಯಾಯಿತೆಂದು ಮನೆಗೆ ಹೋದರು.

“ಇದೇನರೀ, ಹಾರ?” ಎಂದರು ಡಾಕ್ಟರ್ ಮಧುಮತಿ.

“ಸತ್ತಿದ್ದರೀ,” ಎಂದ ಜ್ಯೋತಿಬಾ. “ಅಕ್ಕ ಬಂದು ಎಬ್ಬಿಸಿದ್ಲು.”

ಡಾಕ್ಟರು ಈ ಸಲ ಪಾಠ ಮಾಡಲಿಲ್ಲ. ಪಟ್ಟಿ ಸುತ್ತಿದ್ದ ಹೆಬ್ಬೆರಳಿಗೆ ಇನ್ನೂ ನಾಲ್ಕು ಸುತ್ತು ಬಟ್ಟೆ ಸುತ್ತಿಕೊಂಡರು.

ಕತ್ತಲಾಗುವಾಗ ಮನೆಯ ನಡುಮನೆಯಲ್ಲಿ ಶಂಕ್ರವ್ವ ಎರಡು ಬಟ್ಟಲು ಗಂಜಿ ತಂದಿಟ್ಟಳು. ಒಂದು ಬಾಯಿ ಕಟ್ಟಿದವನಿಗೆ, ಒಂದು ಹಲ್ಲಿಲ್ಲದವಳಿಗೆ. ಸೋಮಪ್ಪ ಹಲ್ಲಿನ ಸಂದಿಯಿಂದ ಹೀರಿಕೊಂಡ. ಅಕ್ಕನ ಕಡೆ ನೋಡಿ, ಎರಡೂ ಕೈ ಜೋಡಿಸಿ ಏನೋ ಗೊಣಗಲು ಹೊರಟ.

“ಏನೂ ಹೇಳಬ್ಯಾಡ,” ಎಂದಳು ಸಿದ್ದಕ್ಕ. “ನೀ ಏನಂದ್ರೂ ಅವರಿಗೆ ಮುಟ್ಟೂದಿಲ್ಲ ಈಗ. ಅವರ ಹಲ್ಲಿನ ಸೆಟ್ಟು ಇನ್ನೂ ಗೂಡಿನ್ಯಾಗ ಇಟ್ಟೇನಿ. ದಿನಾ ನೋಡ್ತೇನಿ.”

ಸೋಮಪ್ಪ ಕೈ ಇಳಿಸಿದ. ಗಂಜಿ ಹೀರುವ ಎರಡು ಸದ್ದುಗಳು ಸ್ವಲ್ಪ ಹೊತ್ತು ಜೊತೆಯಾಗಿ ಕೇಳಿಸಿದವು.

“ನೀ ಸತ್ತ ದಿನ ಬರ್ತೇನಿ ಅಂದಿದ್ದೆ,” ಎಂದಳು ಅವಳು ಬಟ್ಟಲು ಕೆಳಗಿಟ್ಟು. “ಬಂದೆ. ಹೂವು ಇಟ್ಟೆ. ಅತ್ತೆ. ನನ್ನ ಮಾತು ತೀರಿತು. ಇನ್ನ ನೀ ಖರೇನ ಸತ್ತರ ನನಗ ಫೋನ್ ಮಾಡಬ್ಯಾಡ್ರಿ ಅಂತ ಅಯ್ಯನವರಿಗೆ ಹೇಳಿಬಿಡು. ಇನ್ನೊಮ್ಮೆ ಅಳಾಕ ನನ್ನ ಕಡೆ ಕಣ್ಣೀರಿಲ್ಲ.”

ಸೋಮಪ್ಪ ತಲೆ ಆಡಿಸಿದ.

“ಮುಂಜಾನೆ ಬಸ್ಸಿಗೆ ಹೋಗ್ತೇನಿ.”

ಅದಕ್ಕೂ ತಲೆ ಆಡಿಸಿದ.

ಸಿದ್ದಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಅಡ್ಡಾದಳು. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು: “ಪಂಚಮಿ ಉಂಡಿ ಕಳಸೂದಾದ್ರ, ಶೇಂಗಾದ್ದು ಕಳಸಬ್ಯಾಡ. ಅಗಿಯಾಕ ಆಗೂದಿಲ್ಲ ನನಗ. ರವಾದ್ದು ಕಳಸು.”

ಸೋಮಪ್ಪನ ಪಟ್ಟಿಯ ಎರಡೂ ಬದಿಗೆ ಗಲ್ಲದಲ್ಲಿ ಗಂಟು ಉಬ್ಬಿತು. ಗೋಡೆಯ ಮೇಲೆ ಬಿದ್ದ ಅವನ ನೆರಳಿನಲ್ಲಿ ಅದು ಸಿದ್ದಕ್ಕನಿಗೆ ಕಾಣಿಸಿತೋ, ಅಥವಾ ಕಾಣದೆಯೂ ಗೊತ್ತಾಯಿತೋ.

“ಹಲ್ಲು ಕಚ್ಚಬ್ಯಾಡೋ,” ಎಂದಳು. “ಡಾಕ್ಟರ್ ಏನ ಹೇಳ್ಯಾಳ?”